ಮೇಜಿನ ಮೇಲಣ ಯುದ್ಧರಥ

ಬಿ.ಸಿ.ರೋಡಿನ ಕೂಡುರಸ್ತೆಯಲ್ಲಿ ಬಸ್ಸಿಗಾಗಿ ಕಾದು ನಿಲ್ಲುವ ಗೃಹಸ್ಥರು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಮಾಡುವರು: ಬಸ್ಸು ತಡವಾಯಿತೆಂದು ಗೊಣಗುವುದು ಒಂದು, ಹಾದುಹೋಗುವ ಲಾರಿಗಳ ಧೂಳನ್ನು ಶಪಿಸುವುದು ಇನ್ನೊಂದು. ನಾವು ಕೆಲವು ವರ್ಷಗಳಿಂದ ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿದಿರುವೆವು. ಶಿರಾಡಿಯ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವ ಲಾರಿಯೊಂದು ಎದುರಿಗೆ ನಿಂತಿತೆಂದರೆ, ಅದರ ಮೈಮೇಲೆ ಧೂಳು ಎಲ್ಲಿ ಕುಳಿತಿದೆ, ಎಲ್ಲಿ ಕುಳಿತಿಲ್ಲ ಎಂಬುದನ್ನು ನೋಡುತ್ತ ನಿಲ್ಲುವೆವು. ಗಾಲಿಯ ಹಿಂದಣ ತಗಡಿಗೆ ಕೆಸರು ಮೇಲ್ಮುಖವಾಗಿ ಸಿಡಿದಿರುವುದು. ಬಾಗಿಲ ಹಿಡಿಯ ಸುತ್ತಲೂ ಚಾಲಕನ ಕೈ ಆಡಿ ಆಡಿ ಬಣ್ಣವು ನುಣುಪಾಗಿ ಹೊಳೆಯುತ್ತಿರುವುದು. ಕಿಟಕಿಯ ಮೂಲೆಯಿಂದ ಮಳೆನೀರು ಇಳಿದ ದಾರಿಯು ಕಣ್ಣೀರಿನ ಗೆರೆಯಂತೆ ಕೆಳಗಿನವರೆಗೂ ಬಂದಿರುವುದು. ಹೀಗೆ ಸುತ್ತುಹಾಕಿ ನೋಡುತ್ತಿದ್ದಾಗ ಚಾಲಕನೊಬ್ಬನು ನಮ್ಮನ್ನು ಸಾರಿಗೆ ಇಲಾಖೆಯವರೆಂದು ಭ್ರಮಿಸಿ, ಕೇಳದೆಯೇ ಕಾಗದಪತ್ರಗಳನ್ನು ತೆಗೆದು ತೋರಿಸಿದ್ದೂ ಉಂಟು.

ಈ ಹುಚ್ಚಿಗೆ ಕಾರಣವೇನೆಂದು ವಾಚಕರು ಕೇಳಬಹುದು. ನಾವು ಬಿಡುವಿನ ವೇಳೆಯಲ್ಲಿ ಯುದ್ಧವಾಹನಗಳ ಸಣ್ಣ ಮಾದರಿಗಳನ್ನು ಕಟ್ಟುತ್ತೇವೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಅವುಗಳನ್ನು ಜೋಡಿಸುವ ಕ್ರಮವನ್ನು ತೋರಿಸುವ ಚಿತ್ರಪುಸ್ತಕದೊಡನೆ, ಪೆಟ್ಟಿಗೆಯಲ್ಲಿ ಬರುವುವು. ಅವುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣವಿಟ್ಟರೆ ಟ್ಯಾಂಕೊಂದು ಮೇಜಿನ ಮೇಲೆ ನಿಲ್ಲುವುದು. ಆದರೆ ಕೆಲಸ ಅಲ್ಲಿಗೆ ಮುಗಿಯದು. ಹೊಸದಾಗಿ ಬಣ್ಣವಿಟ್ಟ ಮಾದರಿಯು ಅಂಗಡಿಯ ಆಟಿಗೆಯಂತೆಯೇ ಕಾಣುವುದಷ್ಟೆ. ಅದು ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಕೆಸರಿನಲ್ಲಿ ಹೊರಳಿ ಬಂದ ವಾಹನದಂತೆ ಕಾಣಬೇಕಾದರೆ ಧೂಳು, ತುಕ್ಕು, ಗೀರು, ಎಣ್ಣೆಯ ಕಲೆ ಇವುಗಳನ್ನೆಲ್ಲ ಕುಂಚದಿಂದ ಕಾಣಿಸಬೇಕು. ಇಂಗ್ಲಿಷರು ಇದನ್ನು ವೆದರಿಂಗ್ ಎನ್ನುವರು. ನಮ್ಮ ಮನೆಯಲ್ಲಿ ಇದಕ್ಕೆ ಮಾಸಲು ಕೆಲಸವೆಂದು ಹೆಸರು. ಮನೆಯವರ ಮಾತಿನಲ್ಲಿ ಹೇಳುವುದಾದರೆ, ‘ಹಣ ಕೊಟ್ಟು ತಂದ ಹೊಸ ಪದಾರ್ಥವನ್ನು ಕಷ್ಟಪಟ್ಟು ಕೊಳಕು ಮಾಡುವುದು.’

ಕಟ್ಟುವವರು ಹೆಚ್ಚಾಗಿ ಹಿಡಿಯುವ ಪ್ರಮಾಣವು ಮೂವತ್ತೈದರಲ್ಲೊಂದು; ಎಂದರೆ ನಿಜವಾದ ವಾಹನದ ಮೂವತ್ತೈದು ಅಂಗುಲವು ಮಾದರಿಯಲ್ಲಿ ಒಂದಂಗುಲ. ಈ ವಿಚಿತ್ರವಾದ ಸಂಖ್ಯೆ ಎಲ್ಲಿಂದ ಬಂದಿತೆಂಬುದು ಸ್ವಾರಸ್ಯವಾದ ಸಂಗತಿ. ಜಪಾನಿನ ಶಿಜುವೋಕ ಪಟ್ಟಣದ ತಾಮಿಯಾ ಎಂಬ ಸಂಸ್ಥೆಯು ಮೊದಲು ಮರದ ವ್ಯಾಪಾರ ಮಾಡಿ, ಆಮೇಲೆ ಮರದ ಮಾದರಿಗಳನ್ನು ಮಾಡಿ, ಕೊನೆಗೆ ಪ್ಲಾಸ್ಟಿಕ್ಕಿಗೆ ಬಂದುದು. 1961ರಲ್ಲಿ ಅದು ಜರ್ಮನರ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರಡಿಸಿತು. ಅದು ತಾನಾಗಿ ಓಡುವ ಆಟಿಗೆ. ಒಳಗೆ ಪುಟ್ಟ ಮೋಟಾರೂ ಎರಡು ಬ್ಯಾಟರಿಗಳೂ ಹಿಡಿಸಬೇಕಾಗಿದ್ದಿತು. ಅವು ಹಿಡಿಸುವಷ್ಟು ಒಡಲನ್ನು ಮಾಡಿದ ಮೇಲೆ ಲೆಕ್ಕ ಹಾಕಿ ನೋಡಿದರೆ ಪ್ರಮಾಣವು ಸುಮಾರು ಮೂವತ್ತೈದರಲ್ಲೊಂದಾಗಿತ್ತು. ಸಂಸ್ಥೆಯನ್ನು ದೀರ್ಘಕಾಲ ನಡೆಸಿ 2025ರಲ್ಲಿ ತೀರಿಕೊಂಡ ಶುನ್ಸಾಕು ತಾಮಿಯಾ ಅವರೇ ಇದನ್ನು ಹೇಳಿರುವರು. ಬ್ಯಾಟರಿಯ ಗಾತ್ರವು ಲೋಕದ ಮಾದರಿಗಾರರಿಗೆಲ್ಲ ಅಳತೆಗೋಲಾಯಿತು!

ಅಳತೆಯ ಮಾತು ಬಂದುದರಿಂದ ಇನ್ನೊಂದು ಲೆಕ್ಕವನ್ನು ಹೇಳಿಬಿಡುವೆವು. ಮಾಸಲು ಕೆಲಸದ ಗುಟ್ಟೆಲ್ಲ ಇದರಲ್ಲಿದೆ. ಮಾದರಿಯ ಮೇಲೆ ಒಂದು ಮಿಲಿಮೀಟರು ಅಗಲದ ಗೀರು ಎಂದರೆ ನಿಜವಾದ ವಾಹನದ ಮೇಲೆ ಮೂರೂವರೆ ಸೆಂಟಿಮೀಟರಿನ ಗಾಯ. ಮಾದರಿಯ ಮೇಲೆ ಉದುರಿಸಿದ ಮರಳಿನ ಕಾಳು ನಿಜದಲ್ಲಿ ಜಲ್ಲಿಕಲ್ಲು. ಒಂದು ಸೆಂಟಿಮೀಟರು ದಪ್ಪಕ್ಕೆ ಹಿಮವನ್ನು ಹರಡಿದರೆ ಮೊಣಕಾಲಿನ ಹತ್ತಿರದವರೆಗೆ ಹೂಳುವಷ್ಟು ಹಿಮ. ಆದುದರಿಂದ ನದಿಯ ಮರಳಾಗಲಿ ಅಂಗಳದ ಮಣ್ಣಾಗಲಿ ಇದ್ದ ಹಾಗೆಯೇ ಉಪಯೋಗಕ್ಕೆ ಬಾರದು; ಬಟ್ಟೆಯಲ್ಲಿ ಸೋಸಿ ಹಿಟ್ಟಿನಂತೆ ಮಾಡಿಕೊಳ್ಳಬೇಕು. ಹೊಸಬರ ಮಾದರಿಗಳು ಕೆಡುವುದು ಬಣ್ಣ ತಪ್ಪಿದುದರಿಂದಲ್ಲ, ಹೆಚ್ಚಾಗಿ ಈ ಅಳತೆ ತಪ್ಪಿದುದರಿಂದ.

ಕಳೆದ ವರ್ಷ ನಾವು ಕಟ್ಟಲು ಆರಿಸಿಕೊಂಡುದು ಸ್ಟುವರ್ಟ್ ಎಂಬ ಹಗುರವಾದ ಟ್ಯಾಂಕು. ಹಗುರವೆಂದರೂ ಸುಮಾರು ಹದಿನೈದು ಟನ್ನು ತೂಕ, ನಾಲ್ವರು ಆಳುಗಳು, 37 ಮಿಲಿಮೀಟರಿನ ತೋಪು. ಮಾದರಿಯಲ್ಲಿ ಅದು ಐದೂವರೆ ಅಂಗುಲ ಉದ್ದವಾಗುವುದು. ಇದನ್ನೇ ಆರಿಸಲು ಕಾರಣವಿದೆ. ಟ್ಯಾಂಕೆಂದೊಡನೆ ಜರ್ಮನರದೋ ರಷ್ಯನರದೋ ಕಟ್ಟುವುದು ವಾಡಿಕೆ. ನಮಗೆ ನಮ್ಮ ನಾಡಿನವನೊಬ್ಬನು ಏರಿದ ಟ್ಯಾಂಕು ಬೇಕಾಗಿದ್ದಿತು.

1948ರ ಬೇಸಗೆಯಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆದಾರಿಯು ಶತ್ರುಗಳ ವಶವಾಗಿ, ಲಡಾಖಿನ ಲೇಹ ಪಟ್ಟಣಕ್ಕೆ ಶ್ರೀನಗರದ ಕಡೆಯಿಂದ ನೆಲದ ಮಾರ್ಗವೇ ಕಡಿದುಹೋಗಿದ್ದಿತು. ಆ ಕಣಿವೆಯು ಸಮುದ್ರಮಟ್ಟಕ್ಕಿಂತ ಹನ್ನೊಂದು ಸಾವಿರದ ಐನೂರು ಅಡಿಗಳಿಗೂ ಎತ್ತರದಲ್ಲಿರುವುದು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ಪ್ರಯತ್ನ ಫಲಿಸಲಿಲ್ಲ. ಎರಡು ಕಡೆಯ ಬಂಡೆಗಳಲ್ಲಿ ಅಡಗಿದ ತೋಪುಗಳು ದಾರಿಯನ್ನು ಕಾಯುತ್ತಿದ್ದುವು. ಆಗ ಆ ಭಾಗದ ದಳಪತಿಯಾಗಿದ್ದವರು ನಮ್ಮ ಕೊಡಗಿನ ಮಡಿಕೇರಿಯವರಾದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಲಾರದೆಂದು ಶತ್ರುಗಳು ನೆಚ್ಚಿಕೊಂಡಿದ್ದರಷ್ಟೆ. ತಿಮ್ಮಯ್ಯನವರು ಆ ನೆಚ್ಚಿಕೆಯನ್ನೇ ಒಡೆಯಲು ಎಣಿಸಿದರು. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟುಗಳನ್ನು ಗೋಪುರ ಕಳಚಿ, ಟರ್ಪಾಲು ಹೊದಿಸಿ, ರಾತ್ರಿಯ ಕತ್ತಲೆಯಲ್ಲಿ ಗುಟ್ಟಾಗಿ ಸಾಗಿಸಿದರು. ಬಾಲ್ಟಾಲಿನಿಂದ ಮೇಲಕ್ಕೆ ಹೇಸರಗತ್ತೆಗಳು ಮಾತ್ರ ನಡೆಯುತ್ತಿದ್ದ ಜಾಡನ್ನು ಟ್ಯಾಂಕು ಹೋಗುವಷ್ಟು ಅಗಲಿಸಿದವರು ಮದರಾಸು ಸ್ಯಾಪರ್ಸ್ ದಳದವರು. ಈ ದಳದ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇರುವುದೆಂಬುದನ್ನು ವಾಚಕರು ನೆನೆಯಬಹುದು. ಹವೆ ಕೆಟ್ಟು ದಿನವು ಮುಂದೆ ಮುಂದೆ ಹೋಗಿ, ಕಡೆಗೆ ನವೆಂಬರ್ 1ರ ಮಧ್ಯಾಹ್ನ, ಹಿಮ ಬೀಳುತ್ತಿರುವಾಗಲೇ, ಟ್ಯಾಂಕುಗಳು ಕಣಿವೆಯೊಳಕ್ಕೆ ನುಗ್ಗಿದುವು. ತಿಮ್ಮಯ್ಯನವರು ತಾವೇ ಮುಂದಣ ಟ್ಯಾಂಕಿನಲ್ಲಿದ್ದರು. ಅಂದೇ ಜೋಜಿ ಲಾ ನಮ್ಮದಾಯಿತು. ಆ ತಿಂಗಳು ಮುಗಿಯುವುದರೊಳಗೆ ದ್ರಾಸವೂ ಕಾರ್ಗಿಲವೂ ಕೈಸೇರಿದುವು. ಅದಕ್ಕೆ ಮೊದಲು ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಯುದ್ಧಮಾಡಿದುದಿಲ್ಲ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯಾದ ‘ಸನ್ನಿ ಸೈಡ್’ 2021ರಿಂದ ಅವರ ಸ್ಮಾರಕ ಸಂಗ್ರಹಾಲಯವಾಗಿರುವುದು. ಮಕ್ಕಳಿರುವ ಮನೆಯವರು ಮಡಿಕೇರಿಗೆ ಹೋದಾಗ ಅದನ್ನು ತಪ್ಪದೆ ನೋಡತಕ್ಕುದು. ಆದರೆ ಮಾದರಿ ಕಟ್ಟುವವನಿಗೆ ಒಂದು ಎಚ್ಚರಿಕೆ: ಇಂತಹ ಸ್ಮಾರಕಸ್ಥಳಗಳಲ್ಲಿ ನಿಲ್ಲಿಸಿದ ವಾಹನಗಳಿಗೆ ಮೇಲಿಂದ ಮೇಲೆ ಬಣ್ಣ ಬಳಿದು ಅಂದವಾಗಿಟ್ಟಿರುವರು. ಆಕಾರವನ್ನೂ ಅಳತೆಯನ್ನೂ ಅಲ್ಲಿ ಕಲಿಯಬಹುದು, ಮಾಸಲನ್ನು ಕಲಿಯಲಾಗದು. ಮಾಸಲಿಗೆ ಗುರುವೆಂದರೆ ದುಡಿಯುತ್ತಿರುವ ಲಾರಿಯೇ.

ಇನ್ನು ಕಟ್ಟುವ ಕೆಲಸ. ಭಾಗಗಳನ್ನು ಅವುಗಳ ಚೌಕಟ್ಟಿನಿಂದ ಕೈಯಿಂದ ಮುರಿಯಬಾರದು. ಸಣ್ಣ ಕತ್ತರಿಯಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಅಲಗಿನಿಂದ ಸವರಿ, ನಯವಾದ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜತಕ್ಕುದು. ಇದಕ್ಕೆ ಬಳಸುವ ಅಂಟು ನಿಜವಾಗಿ ಅಂಟಲ್ಲ. ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಎರಡು ತುಂಡುಗಳನ್ನು ಒಂದಾಗಿ ಬೆಸೆಯುವ ದ್ರವ. ಹೆಚ್ಚು ಹಾಕಿದರೆ ಬೆರಳಚ್ಚು ಶಾಶ್ವತವಾಗಿ ಉಳಿಯುವುದು. ಉಳಿದುದು ಚಿತ್ರಪುಸ್ತಕವನ್ನು ನೋಡಿ ತಾಳ್ಮೆಯಿಂದ ಮಾಡುವ ಕೆಲಸ. ಅದನ್ನು ವಿವರಿಸಿ ಬೇಸರಪಡಿಸುವುದಿಲ್ಲ.

ಬಣ್ಣದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಪಾಠ ಬೇಕಿಲ್ಲ. ದಸರೆಯಲ್ಲಿಯೂ ಅಷ್ಟಮಿಯಲ್ಲಿಯೂ ಹುಲಿವೇಷಕ್ಕೆ ಬಣ್ಣವಿಡುವುದನ್ನು ನೋಡದವರಾರು? ಮೊದಲು ಮೈಗೆಲ್ಲ ತಳದ ಬಣ್ಣ, ಅದು ಒಣಗುವವರೆಗೂ ವೇಷಧಾರಿಯು ಕೈಚಾಚಿಕೊಂಡು ನಿಲ್ಲಬೇಕು, ಆಮೇಲೆ ಪಟ್ಟೆ. ತಳ ಒಣಗುವ ಮೊದಲು ಪಟ್ಟೆ ಎಳೆದರೆ ಹುಲಿ ಕೆಟ್ಟಿತು. ಟ್ಯಾಂಕೂ ಹಾಗೆಯೇ. ಮೊದಲು ಪ್ರೈಮರು, ಆಮೇಲೆ ಮೈಬಣ್ಣವಾದ ಎಲೆಹಸುರು. ಇದಕ್ಕೆ ಚೂರು ಬಿಳಿಯನ್ನು ಬೆರಸಬೇಕು. ಏಕೆಂದರೆ ದೊಡ್ಡ ವಸ್ತುವಿನ ಬಣ್ಣವನ್ನು ಸಣ್ಣ ವಸ್ತುವಿಗೆ ಹಚ್ಚಿದರೆ ಅದು ಕಣ್ಣಿಗೆ ಕಪ್ಪಾಗಿ ತೋರುವುದು. ಒಂದು ದಿನ ಒಣಗಿಸಿ, ಚಿತ್ರಕಾರರ ಎಣ್ಣೆಬಣ್ಣದಲ್ಲಿ ಕಡುಗಂದನ್ನು ಥಿನ್ನರಿನಲ್ಲಿ ನೀರಿನಷ್ಟು ತೆಳುವಾಗಿ ಕದಡಿ, ಸಣ್ಣ ಕುಂಚದ ತುದಿಯಿಂದ ಪ್ರತಿಯೊಂದು ತಿರುಪಿನ ಬುಡಕ್ಕೂ ತಗಡು ಸೇರುವ ಸಂದಿಗೂ ಮುಟ್ಟಿಸಿದರೆ, ಬಣ್ಣವು ತಾನಾಗಿ ಹರಿದು ಸಂದಿಯಲ್ಲಿ ನಿಲ್ಲುವುದು. ಆ ಗಳಿಗೆಯಲ್ಲಿ ಪ್ಲಾಸ್ಟಿಕ್ಕು ಕಬ್ಬಿಣವಾಗುವುದನ್ನು ಕಣ್ಣಾರೆ ನೋಡಬಹುದು. ಇಡೀ ಕೆಲಸದಲ್ಲಿ ನಮಗೆ ಬಹಳ ಮೆಚ್ಚಿಗೆಯಾದ ಘಟ್ಟವಿದು. ಪಾತ್ರೆ ತಿಕ್ಕುವ ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಹೆಚ್ಚಿನದನ್ನು ತೆಗೆದು, ಅಂಚುಗಳಿಗೆ ಮೆಲ್ಲನೆ ತಟ್ಟಿದರೆ ಬಣ್ಣ ಕಿತ್ತುಹೋದ ಚುಕ್ಕೆಗಳು ಮೂಡುವುವು. ಎಣ್ಣೆಬಣ್ಣದ ಒಂದು ಬಿಂದುವನ್ನಿಟ್ಟು ಒದ್ದೆಕುಂಚದಿಂದ ಕೆಳಮುಖವಾಗಿ ಎಳೆದರೆ ಮಳೆಯ ಗೆರೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲದ್ದಿ ಕಡ್ಡಿಯಿಂದ ಮೀಟಿದರೆ ಕೆಸರಿನ ಸಿಡಿತ. ನಮ್ಮ ಮನೆಯಲ್ಲಿ ಬ್ರಷ್ಷುಗಳು ಹಳೆಯದಾಗುವ ಮೊದಲೇ ಕಾಣೆಯಾಗುತ್ತವೆಂಬ ದೂರು ಇದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೆಯೂ ನಾವು ಸ್ಟುವರ್ಟಿನಲ್ಲಿ ಮುಗ್ಗರಿಸಿದೆವು.

ಬಿ.ಸಿ.ರೋಡಿನಲ್ಲಿ ವರ್ಷಾನುಗಟ್ಟಲೆ ಹೆದ್ದಾರಿಯನ್ನು ಅಗಲಿಸುವ ಕೆಲಸ ನಡೆದು ಕಂಡ ಕಂಡ ವಾಹನವೆಲ್ಲ ಕೆಂಪಾಗಿದ್ದ ಕಾಲವನ್ನು ನೋಡಿದವರು ನಾವು. ನಮ್ಮದು ಮುರಕಲ್ಲಿನ ನಾಡು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿದು ಕಲ್ಲಿನೊಳಗಣ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣದ ಅಂಶವು ನೆಲದಲ್ಲಿಯೇ ಉಳಿದು ಗಾಳಿಯೊಡನೆ ಕೂಡಿ ಕೆಂಪಾಗುವುದು. ಒಂದರ್ಥದಲ್ಲಿ ನಮ್ಮ ಮಣ್ಣೇ ತುಕ್ಕು. ಧೂಳೆಂದರೆ ಕೆಂಪು, ಕಬ್ಬಿಣವೆಂದರೆ ಒಂದೇ ಮಳೆಗಾಲದಲ್ಲಿ ತುಕ್ಕು—ಇದು ನಮ್ಮ ಕಣ್ಣಿಗೆ ಅಂಟಿದ ಪಾಠ. ಅಂಗಳದ ಮಣ್ಣನ್ನು ಸೋಸಿ ಹಿಟ್ಟುಮಾಡಿ, ಟ್ಯಾಂಕಿನ ಒಡಲಿಗೆ ಮೆತ್ತಿದೆವು. ಚಕ್ರಗಳನ್ನು ಬಳಸಿ ಸುತ್ತುವ ಪಟ್ಟಿಗಳಿಗೆ ಕಿತ್ತಳೆಗೆಂಪಿನ ತುಕ್ಕನ್ನು ಧಾರಾಳವಾಗಿ ಬಳಿದೆವು. ಬಹಳ ಚೆನ್ನಾಗಿ ಬಂದಿತೆಂಬ ಹೆಮ್ಮೆಯಿಂದ ಜಗಲಿಯ ಮೇಜಿನ ಮೇಲೆ ಇಟ್ಟೆವು.

ನಮ್ಮ ನೆರೆಯಲ್ಲಿ ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರಿರುವರು. 1980ರ ದಶಕದಲ್ಲಿ ಶ್ರೀನಗರದಿಂದ ಲೇಹಕ್ಕೆ, ಅದೇ ಜೋಜಿ ಲಾ ದಾರಿಯಲ್ಲಿ, ಶಕ್ತಿಮಾನ್ ಲಾರಿಯನ್ನು ನಡೆಸಿದವರು. ಮಾತು ಕಡಮೆ. ಸಂಜೆ ಹಾಲಿನ ಪಾತ್ರೆ ಹಿಡಿದು ಬಂದವರು ಮೇಜಿನ ಬಳಿ ನಿಂತು, ಕನ್ನಡಕವನ್ನೇರಿಸಿ, ಬಹಳ ಹೊತ್ತು ನೋಡಿದರು.

“ಇದು ಎಲ್ಲಿಯ ಗಾಡಿ ಮಾರಾಯರೇ?”

“ಜೋಜಿ ಲಾ, ಹವಾಲ್ದಾರರೇ. ತಿಮ್ಮಯ್ಯನವರದು.”

“ಜೋಜಿ ಲಾದಲ್ಲಿ ಈ ಮಣ್ಣು ಎಲ್ಲಿ ಉಂಟು? ಇದು ನಮ್ಮ ಪಾಣೆಮಂಗಳೂರಿನ ಮಣ್ಣು ಅಲ್ವಾ?”

ನಾವು ಉತ್ತರಿಸಲಿಲ್ಲ. ಅವರು ಬಗ್ಗಿ ಪಟ್ಟಿಯನ್ನು ನೋಡಿದರು.

“ಇದು ರಬ್ಬರಿನದ್ದೋ ಕಬ್ಬಿಣದ್ದೋ?”

ಸ್ಟುವರ್ಟಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ರಬ್ಬರಿನ ಗಟ್ಟಿಗಳಿದ್ದು, ಅವುಗಳನ್ನು ಉಕ್ಕಿನ ಕೊಂಡಿಗಳು ಎರಡು ತುದಿಯಲ್ಲಿಯೂ ಕೂಡಿಸುತ್ತವೆಂದು ನಾವೇ ಓದಿ ತಿಳಿದಿದ್ದೆವು; ಅದನ್ನೇ ಹೇಳಿದೆವು.

“ಹಾಗಾದರೆ ರಬ್ಬರಿಗೆ ತುಕ್ಕು ಹಿಡಿಸಿದ್ದೀರಲ್ಲ!” ಎಂದು ನಕ್ಕರು. ಆಮೇಲೆ ನಗು ನಿಂತಿತು. “ಮಾರಾಯರೇ, ಬೇಜಾರು ಮಾಡಬೇಡಿ. ಈ ಗಾಡಿ ನೋಡಿದರೆ ಇದಕ್ಕೆ ಯಾರೂ ಇರಲಿಲ್ಲ ಅಂತ ಕಾಣ್ತದೆ. ನಾವು ಹೊಟ್ಟೆಗೆ ಹಾಕುವ ಮೊದಲು ಗಾಡಿಗೆ ಎಣ್ಣೆ ಹಾಕ್ತಿದ್ದೆವು. ಆ ದಾರಿಯಲ್ಲಿ ಗಾಡಿ ನಿಂತರೆ ಹಿಂದೆ ಇರುವ ನೂರು ಗಾಡಿಯೂ ನಿಂತ ಹಾಗೆ. ನನ್ನ ಗಾಡಿ ಹೀಗಿದ್ದರೆ ಸಾಹೇಬರು ನನ್ನನ್ನು ಓಡಿಸ್ತಿದ್ದರು.”

ಹಾಲಿನ ಪಾತ್ರೆಯನ್ನು ತೆಗೆದುಕೊಂಡು ಅವರು ಹೊರಟುಹೋದರು. ನಮಗೆ ಅಂದು ಊಟ ರುಚಿಸಲಿಲ್ಲ. ಅಳತೆಯ ತಪ್ಪಾಗಿದ್ದರೆ, ಬಣ್ಣದ ತಪ್ಪಾಗಿದ್ದರೆ ಅಷ್ಟು ನಾಟುತ್ತಿರಲಿಲ್ಲ. ನಾವು ಕಟ್ಟಿದ್ದುದು ಯುದ್ಧದ ಟ್ಯಾಂಕನ್ನಲ್ಲ, ಗುಜರಿಯ ಟ್ಯಾಂಕನ್ನು. ಆ ಚಳಿಯಲ್ಲಿ ಬೆರಳು ಮರಗಟ್ಟುತ್ತಿರಲು ಪಟ್ಟಿಯನ್ನು ಬಿಗಿದು ಎಂಜಿನನ್ನು ನೋಡಿಕೊಂಡ ನಾಲ್ವರನ್ನು ನಾವು ಕೆಂಪು ಮಣ್ಣಿನಲ್ಲಿ ಮುಚ್ಚಿಬಿಟ್ಟಿದ್ದೆವು. ಪೇಟೆಯ ಪ್ರದರ್ಶನಗಳಲ್ಲಿ ಬಹುಮಾನ ಪಡೆಯುವ ಮಾದರಿಗಳಲ್ಲಿಯೂ ಈ ದೋಷ ಅಪರೂಪವಲ್ಲವೆಂಬುದು ನಮ್ಮ ಅಭಿಪ್ರಾಯ. ತುಕ್ಕನ್ನು ಬರೆಯುವುದು ಸುಲಭ, ನೋಡುವವರಿಗೂ ಇಷ್ಟ, ಆದುದರಿಂದ ಬರೆಯುತ್ತಾರೆ. ಸೇವೆಯಲ್ಲಿರುವ ವಾಹನಕ್ಕೆ ತುಕ್ಕು ಬರುವಷ್ಟು ಬಿಡುವು ಎಲ್ಲಿಯದು? ಉಜ್ಜಾಡುವ ಉಕ್ಕು ಕೆಂಪಾಗದು, ಬೆಳ್ಳಿಯಂತೆ ಹೊಳೆಯುವುದು. ಎಣ್ಣೆ ಬಿದ್ದಲ್ಲಿ ಕಪ್ಪು, ಕಾಲಿಟ್ಟಲ್ಲಿ ನುಣುಪು, ಹೊಗೆಕೊಳವೆಯ ಹತ್ತಿರ ಮಾತ್ರ ಕೊಂಚ ಕಂದು.

ಮರುದಿನ ಒಡಲನ್ನು ತೊಳೆಯಲಾರಂಭಿಸಿದೆವು. ಒಣಮಣ್ಣು ಟರ್ಪೆಂಟೈನಿಗೆ ಬಿಟ್ಟಿತು. ಪಟ್ಟಿಯ ತುಕ್ಕು ಬಿಡಲಿಲ್ಲವಾಗಿ ಅದನ್ನು ಪೂರ್ತಿಯಾಗಿ ಬೂದುಗಪ್ಪಿನಿಂದ ಮುಚ್ಚಬೇಕಾಯಿತು. ಕೊಂಡಿಗಳ ತುದಿಗೆ ಮಾತ್ರ ಪೆನ್ಸಿಲಿನ ಸೀಸವನ್ನು ಉಜ್ಜಿ ಉಕ್ಕಿನ ಹೊಳಪನ್ನು ತಂದೆವು. ಇದು ಅಗ್ಗವಾದ ಉಪಾಯ, ಆದರೆ ಇದಕ್ಕೆ ಸಮನಾದ ಬಣ್ಣವನ್ನು ನಾವು ಕಾಣೆವು. ಗಿಡಮರಗಳಿಲ್ಲದ ಆ ಎತ್ತರದ ಕಲ್ಲಿನ ಧೂಳಿಗೆ ಬೂದುಬಣ್ಣದ ಪುಡಿಯಲ್ಲಿ ಚಿಟಿಕೆ ಕಂದು. ಅದೂ ಕೆಳಗಣ ಭಾಗಕ್ಕೆ ಮಾತ್ರ. ಹಿಮಕ್ಕೆ ಅಡುಗೆಸೋಡವನ್ನು ಬಳಸುವವರುಂಟು; ಅದು ಕಾಲಾಂತರದಲ್ಲಿ ಹಳದಿಯಾಗುವುದೆಂದು ಅನುಭವಸ್ಥರು ಹೇಳುವುದರಿಂದ, ಮಾದರಿಗಾರರಿಗೆಂದೇ ಸಿಗುವ ಗಾಜಿನ ನವುರು ಪುಡಿಯನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿಳಿಯ ಅಂಟಿನಲ್ಲಿ ಕಲಸಿ, ಗೋಪುರದ ಮೇಲೆ ತೆಳುವಾಗಿಯೂ, ಪಟ್ಟಿಯ ಸಂದುಗಳಲ್ಲಿ ಒತ್ತಾಗಿಯೂ ಇಟ್ಟೆವು. ಎಂಜಿನಿನ ಮೇಲ್ಗಡೆ ಇಡಲಿಲ್ಲ. ಒಳಗೆ ಎರಡು ಎಂಜಿನುಗಳು ಓಡುತ್ತಿರುವಾಗ ಅಲ್ಲಿ ಹಿಮವು ನಿಲ್ಲದು. ಕರಗಿ ಒದ್ದೆಯಾದ ಗುರುತಿಗಾಗಿ ಹೊಳಪಿನ ವಾರ್ನಿಷನ್ನು ಮಾತ್ರ ಮುಟ್ಟಿಸಿದೆವು.

ಮನೆಗಳಲ್ಲಿ ಈ ಕೆಲಸವನ್ನು ಕೈಕೊಳ್ಳುವವರಿಗೆ ಎರಡು ಮಾತುಗಳನ್ನು ತಿಳಿಸದಿದ್ದರೆ ತಪ್ಪಾದೀತು. ಥಿನ್ನರೂ ಟರ್ಪೆಂಟೈನೂ ಬೇಗನೆ ಬೆಂಕಿ ಹಿಡಿಯುವ ಪದಾರ್ಥಗಳು; ಒಲೆಯ ಹತ್ತಿರವೂ ದೇವರ ದೀಪದ ಹತ್ತಿರವೂ ತೆರೆಯಬಾರದು, ನೀರಿನ ಸೀಸೆಗಳಲ್ಲಿ ಎಂದೆಂದಿಗೂ ತುಂಬಿಡಬಾರದು, ಕಿಟಕಿ ತೆರೆದೇ ಕೆಲಸಮಾಡಬೇಕು. ಎರಡನೆಯದು, ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಲ್ಯಾಕರ್ ಜಾತಿಯ ಬಣ್ಣಗಳನ್ನು ಸಿಂಪಡಿಸದಿರುವುದೇ ಲೇಸು. ಬೇಗನೆ ಆರುವ ಬಣ್ಣವು ತಣ್ಣಗಾಗಿ ಗಾಳಿಯ ತೇವವನ್ನು ಮೈಮೇಲೆಳೆದುಕೊಂಡು ಹಾಲಿನಂತೆ ಬೆಳ್ಳಗಾಗುವುದು. ಆಟಿಯ ತಿಂಗಳಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಇವುಗಳನ್ನಿಟ್ಟುಕೊಂಡು, ನವರಾತ್ರಿಯ ಬಿಸಿಲು ಬಂದ ಮೇಲೆ ಬಣ್ಣಕ್ಕೆ ಕೈಹಾಕುವುದು ನಮ್ಮ ಪದ್ಧತಿ.

ಮೂರು ವಾರಗಳ ಬಳಿಕ ಹವಾಲ್ದಾರರನ್ನು ಕರೆದು ತೋರಿಸಿದೆವು. ಅವರು ಈ ಸಲ ಕುಳಿತುಕೊಂಡೇ ನೋಡಿದರು. ಗೋಪುರದ ಹಿಂದೆ ಮಡಚಿ ಕಟ್ಟಿದ ಟರ್ಪಾಲನ್ನು—ಅದು ತೆಳುಕಾಗದವನ್ನು ಅಂಟುನೀರಿನಲ್ಲಿ ನೆನೆಸಿ ಮಾಡಿದುದು—ಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂದೆಗೆದರು. “ಈಗ ಇದರಲ್ಲಿ ಜನ ಉಂಟು” ಎಂದರು. ಕಾಫಿ ಬಂದಿತು. ಕಾಫಿ ಮುಗಿದ ಮೇಲೆ, ಶಕ್ತಿಮಾನ್ ಲಾರಿಯನ್ನೂ ಹೀಗೆ ಮಾಡಲಾಗುವುದೇ ಎಂದು ಕೇಳಿದರು. ಪೆಟ್ಟಿಗೆಯಲ್ಲಿ ಸಿಕ್ಕದಿದ್ದರೆ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಮಾಡಬಹುದು, ಅಳತೆಗಳೂ ಚಿತ್ರಗಳೂ ಬೇಕು ಎಂದೆವು.

“ಅಳತೆ ನನಗೆ ಬಾಯಿಪಾಠ ಉಂಟು. ಕೊಡ್ತೇನೆ,” ಎಂದು ಎದ್ದವರು ಮೆಟ್ಟಿಲ ಬಳಿ ನಿಂತರು. “ಒಂದು ವಿಷಯ ಮಾರಾಯರೇ. ನನ್ನ ಗಾಡಿಯ ಎಡಬಾಗಿಲಲ್ಲಿ, ಕೆಳಗಿನ ತಿರುಗಣೆಯ ಹತ್ತಿರ, ಇಷ್ಟು ತುಕ್ಕು ಇತ್ತು. ವರ್ಗ ಆಗುವವರೆಗೂ ಅದನ್ನು ಉಜ್ಜಲಿಕ್ಕೆ ನನಗೆ ಪುರುಸೊತ್ತು ಸಿಗಲಿಲ್ಲ. ಅದೊಂದನ್ನು ಹಾಕಿ.”